ಕಾಪಿನ ತೊಟ್ಟಿ: ಕಡಲಮೀನುಗಳ ಪ್ರತ್ಯೇಕವಾಸವಿಧಿ

೧

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ, ಅದರಲ್ಲಿ ಕಡಲಿನ ಜೀವಿಗಳನ್ನು ಸಾಕುವ ವಿನೋದವು ಪಾಶ್ಚಾತ್ಯದೇಶಗಳಲ್ಲಿ ಹುಟ್ಟಿ ನೂರೆಪ್ಪತ್ತು ವರ್ಷಗಳು ಸಂದಿವೆ. ೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಗೃಹವೊಂದು ತೆರೆಯಲ್ಪಟ್ಟಿತು. ಮರುವರ್ಷವೇ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ‘ಅಕ್ವೇರಿಯಂ’ ಎಂಬ ಹೆಸರಿನ ಗ್ರಂಥವನ್ನು ಪ್ರಕಟಿಸಿ ಆ ಶಬ್ದವನ್ನು ಲೋಕರೂಢಿಗೆ ತಂದನು. ಈಗ ನಮ್ಮ ಪಟ್ಟಣಗಳ ಮನೆಗಳಲ್ಲಿಯೂ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿಯೂ ಇಂತಹ ತೊಟ್ಟಿಗಳು ಕಂಡುಬರುತ್ತಲಿವೆ. ಆದರೆ ಮೀನನ್ನು ಕೊಳ್ಳುವ ಉತ್ಸಾಹವು ಹಬ್ಬಿದಷ್ಟು, ಕೊಂಡ ಮೀನನ್ನು ಮೊದಲು ಬೇರೆಯಾಗಿಟ್ಟು ಪರೀಕ್ಷಿಸುವ ವಿವೇಕವು ಹಬ್ಬಿದಂತೆ ತೋರುವುದಿಲ್ಲ. ಈ ವಿಷಯದಲ್ಲಿ ಕನ್ನಡದಲ್ಲಿ ಕ್ರಮವಾದ ಬರೆವಣಿಗೆಯು ಇರುವುದು ಒಳ್ಳೆಯದೆಂದು ಭಾವಿಸಿ ಪ್ರಕೃತಲೇಖನಕ್ಕೆ ಕೈಹಾಕಿದ್ದೇನೆ.

ಮೊದಲು ಹೆಸರಿನ ಮಾತು. ‘ಕ್ವಾರಂಟೈನ್’ ಎಂಬುದು ಇಟಲಿಯ ಭಾಷೆಯಲ್ಲಿ ನಾಲ್ವತ್ತು ಎಂಬರ್ಥದ ‘ಕ್ವಾರಾಂತ’ ಶಬ್ದದಿಂದ ಬಂದದ್ದು. ಮಹಾಮಾರಿಯ ಭಯದಿಂದ ಆಡ್ರಿಯಾಟಿಕ್ ಸಮುದ್ರತೀರದ ರಗೂಸಾ ನಗರವು ೧೩೭೭ರಲ್ಲಿ, ಸೋಂಕಿನ ಪ್ರದೇಶಗಳಿಂದ ಬಂದವರು ಮೂವತ್ತು ದಿನ ಊರ ಹೊರಗೆ ತಂಗಿದ್ದು ಆಮೇಲೆ ಒಳಕ್ಕೆ ಬರಬೇಕೆಂದು ಕಟ್ಟಳೆ ಮಾಡಿತು. ಮುಂದೆ ಆ ಮೂವತ್ತು ನಾಲ್ವತ್ತಾಯಿತು. ೧೪೨೩ರಲ್ಲಿ ವೆನಿಸ್ ನಗರವು ಒಂದು ದ್ವೀಪದಲ್ಲಿ ಇದಕ್ಕಾಗಿಯೇ ಆಸ್ಪತ್ರೆಯನ್ನು ಸ್ಥಾಪಿಸಿತು. ಕನ್ನಡದಲ್ಲಿ ಇದಕ್ಕೆ ‘ದಿಗ್ಬಂಧನ’ವೆಂಬ ಶಬ್ದವನ್ನು ಕೆಲವರು ಬಳಸುವುದುಂಟು. ಆದರೆ ಆ ಶಬ್ದಕ್ಕೆ ಮಂತ್ರಶಾಸ್ತ್ರದ ವಾಸನೆಯೂ ಸೆರೆಯ ಅರ್ಥವೂ ಅಂಟಿಕೊಂಡಿವೆ. ಬಂದ ಅತಿಥಿಯನ್ನು ಶಿಕ್ಷಿಸುವುದು ಇಲ್ಲಿಯ ಉದ್ದೇಶವಲ್ಲ. ಅವನನ್ನೂ ಮನೆಯವರನ್ನೂ ಕಾಯುವುದೇ ಉದ್ದೇಶ. ಆದಕಾರಣ ಈ ಸ್ಥಿತಿಯನ್ನು ‘ಪ್ರತ್ಯೇಕವಾಸ’ವೆಂದೂ, ಅದಕ್ಕಾಗಿ ಇಟ್ಟ ತೊಟ್ಟಿಯನ್ನು ಹಳೆಯ ಕನ್ನಡದ ‘ಕಾಪು’ ಶಬ್ದವನ್ನು ಹಿಡಿದು ‘ಕಾಪಿನ ತೊಟ್ಟಿ’ಯೆಂದೂ ಕರೆದಿದ್ದೇನೆ. ಇದಕ್ಕಿಂತ ಉಚಿತವಾದ ಹೆಸರನ್ನು ವಾಚಕರು ಸೂಚಿಸಿದರೆ ಸಂತೋಷವೇ ಸರಿ.

೨

ನಿಯಮವನ್ನು ಹೇಳುವುದಕ್ಕೆ ಮುಂಚೆ, ಅದನ್ನು ಮೀರಿ ನಾನು ತೆತ್ತ ದಂಡವನ್ನು ಹೇಳುವುದು ನ್ಯಾಯ. ನನ್ನ ತೊಟ್ಟಿಯಲ್ಲಿ ಏಳು ವರ್ಷಗಳಿಂದ ಬೆಳೆದ ಒಂದು ಜೊತೆ ಕ್ಲೌನ್ ಮೀನುಗಳೂ ಬೇರೆ ನಾಲ್ಕು ಮೀನುಗಳೂ ಇದ್ದುವು. ಕ್ಲೌನ್ ಮೀನುಗಳು ವರ್ಷವರ್ಷವೂ ಕಲ್ಲಿನ ಮೇಲೆ ತತ್ತಿಯಿಟ್ಟು, ಗಂಡುಮೀನು ರೆಕ್ಕೆಯಿಂದ ಅವಕ್ಕೆ ಗಾಳಿ ಬೀಸುತ್ತಿದ್ದುದನ್ನು ಮನೆಯ ಮಕ್ಕಳು ಕುಳಿತು ನೋಡುತ್ತಿದ್ದರು. ಒಂದು ದಿನ ಅಂಗಡಿಯೊಂದರಲ್ಲಿ ಹಿಂದೂಮಹಾಸಾಗರದ ಪೌಡರ್ ಬ್ಲೂ ಟ್ಯಾಂಗ್ ಮೀನನ್ನು ಕಂಡು, ಅದರ ಬಣ್ಣಕ್ಕೆ ಮರುಳಾಗಿ ಕೊಂಡುತಂದೆನು. ಮೈಯಲ್ಲಿ ಒಂದು ಕಲೆಯಾದರೂ ಇರಲಿಲ್ಲ. ಕೊಟ್ಟ ಆಹಾರವನ್ನು ಚೆನ್ನಾಗಿ ತಿಂದಿತು. ಸಂಜೆಗೆ ಅದನ್ನು ನೇರವಾಗಿ ದೊಡ್ಡ ತೊಟ್ಟಿಗೆ ಬಿಟ್ಟೆನು.

ನಾಲ್ಕನೆಯ ದಿನ ಅದರ ರೆಕ್ಕೆಯ ಮೇಲೆ ರವೆಯ ಕಾಳಿನಂತಹ ಐದಾರು ಬಿಳಿಯ ಚುಕ್ಕೆಗಳು ಕಂಡುವು. ಏಳನೆಯ ದಿನಕ್ಕೆ ಅವು ಮಾಯವಾದುವು. ರೋಗವು ತಾನಾಗಿ ವಾಸಿಯಾಯಿತೆಂದು ನಾನು ಹಿಗ್ಗಿದೆನು. ಮತ್ತೆ ಹತ್ತು ದಿನಗಳಲ್ಲಿ ತೊಟ್ಟಿಯ ಎಲ್ಲ ಮೀನುಗಳ ಮೈಮೇಲೂ ಉಪ್ಪು ಚಿಮುಕಿಸಿದಂತೆ ನೂರಾರು ಚುಕ್ಕೆಗಳು ಮೂಡಿದುವು. ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿಬಿಡತೊಡಗಿದುವು. ಆ ತಿಂಗಳು ಮುಗಿಯುವುದರೊಳಗೆ ಒಂದನ್ನುಳಿದು ಎಲ್ಲವೂ ಸತ್ತುವು. ಉಳಿದದ್ದು ಕ್ಲೌನ್ ಮೀನುಗಳಲ್ಲಿ ಹೆಣ್ಣು. ಅಂಗಡಿಯವನದು ತಪ್ಪೆನ್ನಲಾರೆನು, ಹಲವು ಕಡೆಯ ಮೀನುಗಳು ಒಂದೇ ನೀರಿನಲ್ಲಿ ಕೂಡುವ ಕಡೆ ಸೋಂಕು ಬರುವುದು ಸಹಜ. ಬಾಗಿಲನ್ನು ತೆರೆದವನು ನಾನು.

೩

ಚುಕ್ಕೆಗಳು ಮಾಯವಾದುದೇಕೆ, ಮತ್ತೆ ಬಂದುದೇಕೆ ಎಂಬುದನ್ನು ತಿಳಿದರೆ ಪ್ರತ್ಯೇಕವಾಸದ ವಿಧಿಗಳೆಲ್ಲವೂ ತಾವಾಗಿಯೇ ಅರ್ಥವಾಗುವುವು. ಈ ರೋಗಕ್ಕೆ ಕಾರಣವಾದ ಏಕಕೋಶಜೀವಿಯ ಹೆಸರು ಕ್ರಿಪ್ಟೋಕ್ಯಾರಿಯನ್ ಇರಿಟಾನ್ಸ್. ೧೯೫೧ರಲ್ಲಿ ಬ್ರೌನ್ ಎಂಬ ವಿದುಷಿಯು ಈ ಹೆಸರನ್ನಿಟ್ಟಳು. ಸಿಹಿನೀರಿನ ಮೀನುಗಳಿಗೂ ಬಿಳಿಚುಕ್ಕೆಯ ರೋಗವೊಂದುಂಟು. ಎರಡೂ ಕಣ್ಣಿಗೆ ಒಂದೇ ಬಗೆಯಾಗಿ ಕಾಣುವುವು. ಜೀವನಕ್ರಮವೂ ಬಹುಮಟ್ಟಿಗೆ ಒಂದೇ. ಆದರೆ ಆ ಎರಡು ಜೀವಿಗಳು ಹತ್ತಿರದ ಬಂಧುಗಳಲ್ಲ. ಸಮಾನರೂಪದ ಶಬ್ದಗಳೆಲ್ಲ ಸಮಾನಮೂಲದವಲ್ಲವೆಂಬುದನ್ನು ಬಲ್ಲ ಭಾಷಾಶಾಸ್ತ್ರಜ್ಞರಿಗೆ ಇದು ಆಶ್ಚರ್ಯವಾಗಲಾರದು.

ಈ ಜೀವಿಗೆ ನಾಲ್ಕು ಅವಸ್ಥೆಗಳುಂಟು. ಮೊದಲನೆಯದರಲ್ಲಿ ಅದು ಮೀನಿನ ಚರ್ಮದ ಮತ್ತು ಕಿವಿರುಗಳ ಮೇಲ್ಪೊರೆಯೊಳಗೆ ಹುದುಗಿ, ಅಲ್ಲಿಯ ಜೀವಕೋಶಗಳನ್ನು ತಿಂದು ಬೆಳೆಯುವುದು. ನಾವು ಕಾಣುವ ಚುಕ್ಕೆಯು ಇದೇ. ಮೂರರಿಂದ ಏಳು ದಿನಗಳಲ್ಲಿ ಬಲಿತು ಮೀನನ್ನು ಬಿಟ್ಟಿಳಿಯುವುದು. ಇಳಿಯುವುದು ಬಹುಮಟ್ಟಿಗೆ ಕತ್ತಲೆಯ ಹೊತ್ತಿನಲ್ಲಿ. ಎರಡನೆಯ ಅವಸ್ಥೆಯಲ್ಲಿ ಕೆಲವು ಗಂಟೆಗಳ ಕಾಲ ತೊಟ್ಟಿಯ ತಳದಲ್ಲಿ ತೆವಳಿ ಸ್ಥಳವನ್ನು ಹುಡುಕುವುದು. ಮೂರನೆಯದರಲ್ಲಿ ಮರಳಿಗೋ ಕಲ್ಲಿಗೋ ಅಂಟಿಕೊಂಡು ಗಟ್ಟಿಯಾದ ಕೋಶವನ್ನು ಕಟ್ಟಿಕೊಂಡು, ಒಳಗೆ ಒಂದು ನೂರಾಗಿ ಒಡೆಯುವುದು. ನಾಲ್ಕನೆಯದರಲ್ಲಿ ಆ ನೂರಾರು ಮರಿಗಳು ಕೋಶವನ್ನು ಭೇದಿಸಿ ಹೊರಬಂದು ಈಜುತ್ತ ಹೊಸ ಮೀನನ್ನು ಹುಡುಕುವುವು. ಒಂದೆರಡು ದಿನಗಳಲ್ಲಿ ಮೀನು ಸಿಕ್ಕದಿದ್ದರೆ ಸಾಯುವುವು.

ಇಲ್ಲಿ ಮುಖ್ಯವಾದ ಅಂಶವೊಂದಿದೆ. ಒಂದೇ ದಿನ ಅಂಟಿಕೊಂಡ ಕೋಶಗಳೆಲ್ಲವೂ ಒಂದೇ ದಿನ ಒಡೆಯುವುದಿಲ್ಲ. ಕೆಲವು ಮೂರನೆಯ ದಿನವೇ ಒಡೆದರೆ, ಕೆಲವು ೭೨ ದಿನಗಳವರೆಗೂ ಕಾದಿದ್ದು ಒಡೆದುದನ್ನು ಶೋಧಕರು ಕಂಡಿದ್ದಾರೆ. ಹೀಗೆಂದಮೇಲೆ ಚುಕ್ಕೆಯು ಮಾಯವಾಗುವುದು ಗುಣದ ಲಕ್ಷಣವಲ್ಲ. ಶತ್ರುವು ಬಲಿತು ಕೆಳಗಿಳಿದು ಸೈನ್ಯವನ್ನು ಕೂಡಿಸುತ್ತಿರುವುದರ ಲಕ್ಷಣ. ನಾನು ಹಿಗ್ಗಿದ ದಿನವೇ ಅಳಬೇಕಾದ ದಿನವಾಗಿತ್ತು. ಇದಲ್ಲದೆ ಕಿವಿರುಗಳಲ್ಲಿ ಮಾತ್ರ ಹುದುಗಿರುವ ಸೋಂಕು ಹೊರಗೆ ಕಾಣುವುದೇ ಇಲ್ಲ. ಆದುದರಿಂದ ‘ನೋಡಿ ಕೊಂಡೆನು, ಚೆನ್ನಾಗಿತ್ತು’ ಎಂಬ ಮಾತಿಗೆ ಪ್ರಮಾಣದ ಬೆಲೆಯಿಲ್ಲ.

ಇದಕ್ಕಿಂತ ಉಗ್ರವಾದದ್ದು ‘ಮಖಮಲ್ ರೋಗ’. ಇದರ ಕಾರಣಜೀವಿಯಾದ ಅಮಿಲೋಡಿನಿಯಂ ಒಸೆಲೇಟಂ ಎಂಬುದನ್ನು ೧೯೩೧ರಲ್ಲಿ ಮೊದಲು ವರ್ಣಿಸಿದವಳೂ ಅದೇ ಬ್ರೌನ್. ಇಲ್ಲಿ ಚುಕ್ಕೆಗಳು ರವೆಯಂತಿರದೆ ನುಣ್ಣನೆಯ ಧೂಳಿನಂತಿರುವುವು. ಅನೇಕವೇಳೆ ಧೂಳು ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ ಕಿವಿರು ಕೆಟ್ಟು ಮೀನು ಸಾಯುವುದು. ಇವೆರಡರ ಜೊತೆಗೆ, ಕ್ಲೌನ್ ಮೀನುಗಳ ಮೈಯ ಲೋಳೆಯನ್ನು ಸುಲಿಯುವ ಬ್ರೂಕ್ಲಿನೆಲ್ಲ, ಚರ್ಮಕ್ಕೂ ಕಿವಿರಿಗೂ ಕಚ್ಚಿಕೊಳ್ಳುವ ಚಪ್ಪಟೆಹುಳುಗಳು ಎಂಬಿವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೪

ಇನ್ನು ತೊಟ್ಟಿಯ ರಚನೆ. ಚಿಕ್ಕ ಮೀನುಗಳಿಗೆ ಉದ್ದ ೬೦, ಅಗಲ ೩೫, ಎತ್ತರ ೪೦ ಸೆಂಟಿಮೀಟರುಗಳ ಗಾಜಿನ ತೊಟ್ಟಿ ಸಾಕು. ಅಂಚಿನವರೆಗೆ ತುಂಬದೆ ಬಿಟ್ಟರೆ ಸುಮಾರು ೭೫ ಲೀಟರು ನೀರು ಹಿಡಿಯುವುದು. ಟ್ಯಾಂಗ್ ಮೊದಲಾದ ದೂರ ಈಜುವ ಮೀನುಗಳಿಗೆ ಇದರ ಎರಡರಷ್ಟಾದರೂ ಬೇಕು. ಮೀನು ಹಾರಿ ಹೊರಬೀಳದಂತೆ ಮುಚ್ಚಳವಿರಬೇಕು.

ತಳವು ಬರಿದಾಗಿರಬೇಕು, ಮರಳಾಗಲಿ, ಹವಳದ ಕಲ್ಲಾಗಲಿ, ಚಿಪ್ಪಾಗಲಿ ಕೂಡದು. ಇದಕ್ಕೆ ಕಾರಣಗಳೆರಡು: ಮೊದಲನೆಯದಾಗಿ, ರೋಗಜೀವಿಯ ಕೋಶಗಳಿಗೆ ಮರಳು ಮತ್ತು ಕಲ್ಲು ಆಶ್ರಯವಾಗುವುವು; ಎರಡನೆಯದಾಗಿ, ಸುಣ್ಣದ ಅಂಶವುಳ್ಳ ಕಲ್ಲುಗಳು ತಾಮ್ರದ ಔಷಧವನ್ನು ಹೀರಿಕೊಂಡು ನೀರಿನಲ್ಲಿ ಅದರ ಪ್ರಮಾಣವನ್ನು ಕುಂದಿಸುವುವು. ಆದರೆ ಬಯಲಿನಲ್ಲಿ ನಿಂತ ಮೀನು ಭಯದಿಂದಲೇ ಸೊರಗುವುದು. ಆದಕಾರಣ ಕೊಳಾಯಿಗೆ ಬಳಸುವ ಪಿ.ವಿ.ಸಿ. ಕೊಳವೆಯ ತುಂಡುಗಳನ್ನು, ಮೀನು ಒಳಹೊಕ್ಕು ತಿರುಗುವಷ್ಟು ಅಗಲವಾದವನ್ನು, ಮೀನಿಗೊಂದರಂತೆ ಇಡಬೇಕು. ತೊಟ್ಟಿಯ ಹಿಂಬದಿಗೂ ಪಕ್ಕಗಳಿಗೂ ಕಾಗದವನ್ನು ಅಂಟಿಸಿ ಬೆಳಕನ್ನು ಮಂದವಾಗಿಟ್ಟರೆ ಒಳ್ಳೆಯದು.

ನೀರನ್ನು ಅಡಿಗೆಯ ಉಪ್ಪಿನಿಂದ ಮಾಡಲಾಗದು. ಅದರಲ್ಲಿ ಸಮುದ್ರದ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವುಗಳಿಲ್ಲ. ಶುದ್ಧೀಕರಿಸಿದ ನೀರಿಗೆ ತೊಟ್ಟಿಗಳಿಗಾಗಿಯೇ ಮಾರುವ ಸಮುದ್ರಲವಣವನ್ನು ಲೀಟರಿಗೆ ೩೫ ಗ್ರಾಮಿನ ಮೇರೆಗೆ ಕರಗಿಸಬೇಕು. ೭೫ ಲೀಟರಿಗೆ ಇದು ಸುಮಾರು ೨.೬ ಕಿಲೋಗ್ರಾಂ, ಲವಣದಲ್ಲಿ ತೇವವಿರುವುದರಿಂದ ಸ್ವಲ್ಪ ಹೆಚ್ಚಾಗಿಯೇ ಬೇಕಾಗುವುದು. ಕಡೆಯ ಮಾತನ್ನು ತೂಕವಲ್ಲ, ಅಳತೆಯ ಉಪಕರಣವು ಹೇಳತಕ್ಕದ್ದು: ಸಾಪೇಕ್ಷಸಾಂದ್ರತೆಯು ೧.೦೨೩ರಿಂದ ೧.೦೨೫ರ ಒಳಗಿರಬೇಕು. ಉಷ್ಣತೆ ೨೫ರಿಂದ ೨೭ ಡಿಗ್ರಿ ಸೆಲ್ಸಿಯಸ್. ನಮ್ಮ ಬೇಸಗೆಯಲ್ಲಿ ನೀರು ಕಾದಂತೆಲ್ಲ ಅದರಲ್ಲಿ ಕರಗಿರುವ ಆಮ್ಲಜನಕವು ಕಡಮೆಯಾಗುವುದರಿಂದ, ಗಾಳಿಯ ಪಂಪು ಹಗಲಿರುಳೂ ನಡೆಯುತ್ತಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಸ್ಪಂಜಿನ ಶೋಧಕ. ಮೀನಿನ ವಿಸರ್ಜನೆಯಿಂದ ಅಮೋನಿಯಾ ಉಂಟಾಗುವುದು, ಅದು ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟನ್ನಾಗಿಯೂ, ಬೇರೊಂದು ಬಗೆಯವು ಆ ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯವಾದ ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ಈ ಜೀವಿಗಳು ಹೊಸ ಸ್ಪಂಜಿನಲ್ಲಿ ಇರುವುದಿಲ್ಲ. ಆದುದರಿಂದ ಮೀನು ಬರುವುದಕ್ಕೆ ನಾಲ್ಕಾರು ವಾರ ಮುಂಚೆಯೇ ಸ್ಪಂಜನ್ನು ರೋಗರಹಿತವಾದ ಹಳೆಯ ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟಿರಬೇಕು. ಹಾಲಿಗೆ ಹೆಪ್ಪು ಹಾಕುವಂತೆಯೇ ಇದು. ಹಾಗಿದ್ದರೂ ಪ್ರತಿದಿನ ಅಮೋನಿಯಾವನ್ನು ಪರೀಕ್ಷಿಸಿ, ಅದರ ಕುರುಹು ಕಂಡೊಡನೆ ನೀರಿನ ಕಾಲುಭಾಗವನ್ನೋ ಮೂರನೆಯ ಒಂದು ಭಾಗವನ್ನೋ ಬದಲಾಯಿಸಬೇಕು. ಕಾಪಿನ ತೊಟ್ಟಿಯಲ್ಲಿ ಸಾಯುವ ಮೀನುಗಳಲ್ಲಿ ರೋಗದಿಂದಲ್ಲದೆ ಅಮೋನಿಯಾದಿಂದ ಸಾಯುವುವೂ ಉಂಟು. ಪ್ರತ್ಯೇಕವಾಸವೇ ಕೆಟ್ಟದ್ದೆಂಬ ಅಪವಾದಕ್ಕೆ ಇದೂ ಒಂದು ಕಾರಣ.

ಈ ತೊಟ್ಟಿಯ ಬಲೆ, ಬಕೀಟು, ನೀರೆಳೆಯುವ ನಳಿಕೆ ಎಲ್ಲವೂ ಬೇರೆಯಾಗಿರಬೇಕು. ಒದ್ದೆಯ ಕೈ ಒಂದರಿಂದ ಇನ್ನೊಂದಕ್ಕೆ ಹೋಗಬಾರದು. ಮಖಮಲ್ ರೋಗದ ಜೀವಿಯು ಗುಳ್ಳೆಯೊಡೆದು ಹಾರುವ ತುಂತುರಿನಲ್ಲಿ, ಗಾಳಿ ಬೀಸುವ ಕಡೆ ಮೂರು ಮೀಟರುಗಳಷ್ಟು ದೂರ ಸಾಗಬಲ್ಲುದೆಂದು ಪ್ರಯೋಗಗಳಿಂದ ತಿಳಿದಿದೆ. ಆದುದರಿಂದ ಸಾಧ್ಯವಾದರೆ ಬೇರೆ ಕೋಣೆಯೇ ಉತ್ತಮ.

೫

ಮೀನು ಬರುವ ದಿನದ ಕರ್ತವ್ಯಗಳು ಹೀಗಿವೆ. ಚೀಲದಲ್ಲಿ ಬಹಳ ಹೊತ್ತು ಇದ್ದ ಮೀನಿನ ಉಸಿರಿನಿಂದ ನೀರಿನಲ್ಲಿ ಇಂಗಾಲಾಮ್ಲವು ಸೇರಿ, ನೀರು ಆಮ್ಲದ ಕಡೆಗೆ ವಾಲಿರುವುದು. ಆ ಸ್ಥಿತಿಯಲ್ಲಿ ಕೂಡಿದ ಅಮೋನಿಯಾವು ಅಷ್ಟಾಗಿ ಬಾಧಿಸದು. ಚೀಲವನ್ನು ಬಿಚ್ಚಿದೊಡನೆ ಅನಿಲವು ಹೊರಟುಹೋಗಿ ನೀರು ಕ್ಷಾರದ ಕಡೆಗೆ ತಿರುಗುವುದು. ಆಗ ಅದೇ ಅಮೋನಿಯಾವು ತೀವ್ರವಿಷವಾಗುವುದು. ತೆರೆದ ಚೀಲಕ್ಕೆ ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬಿಡುವ ಪದ್ಧತಿಯು ದೂರದಿಂದ ಬಂದ ಮೀನಿಗೆ ಈ ಕಾರಣದಿಂದ ಹಿತವಲ್ಲ. ಅಂಗಡಿಯ ನೀರಿನ ಸಾಂದ್ರತೆಯನ್ನು ಮೊದಲೇ ಕೇಳಿ ತಿಳಿದು, ಕಾಪಿನ ತೊಟ್ಟಿಯ ನೀರನ್ನು ಅದಕ್ಕೆ ಸಮವಾಗಿ ಮಾಡಿಟ್ಟುಕೊಳ್ಳಬೇಕು. ಮುಚ್ಚಿದ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ತೇಲಿಬಿಟ್ಟು ಉಷ್ಣತೆಯನ್ನು ಸರಿಮಾಡಿ, ಬಿಚ್ಚಿದ ಕೂಡಲೇ ಮೀನನ್ನು ಮಾತ್ರ ತೊಟ್ಟಿಗೆ ಬಿಡಬೇಕು. ಚೀಲದ ನೀರು ಒಂದು ಹನಿಯೂ ಒಳಕ್ಕೆ ಬೀಳಕೂಡದು. ಮೊದಲ ದಿನ ದೀಪ ಬೇಡ. ಎರಡನೆಯ ದಿನದಿಂದ ಸ್ವಲ್ಪಸ್ವಲ್ಪವಾಗಿ ಆಹಾರವನ್ನು ಕೊಟ್ಟು, ಉಳಿದುದನ್ನು ತೆಗೆದುಬಿಡಬೇಕು.

ಆಮೇಲಿನ ಕೆಲಸ ನೋಡುವುದು. ಉಸಿರಾಟದ ವೇಗ, ಮೈಯನ್ನು ಕೊಳವೆಗೆ ಉಜ್ಜಿಕೊಳ್ಳುವುದು, ಕಣ್ಣು ಮಬ್ಬಾಗುವುದು, ಪಂಪಿನ ಪ್ರವಾಹಕ್ಕೆ ಎದುರಾಗಿ ನಿಲ್ಲುವುದು, ಆಹಾರದಲ್ಲಿ ನಿರಾಸಕ್ತಿ — ಇವುಗಳನ್ನು ದಿನದಿನವೂ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ನೆನಪು ಯಾವಾಗಲೂ ಆಸೆಯ ಪಕ್ಷವನ್ನು ಹಿಡಿಯುವುದು, ಬರೆಹವು ಹಾಗಲ್ಲ.

೬

ಎಷ್ಟು ದಿನ? ಹದಿನಾಲ್ಕು ದಿನ ಸಾಕೆಂಬ ಮಾತು ರೂಢಿಯಲ್ಲಿದೆ. ಮೇಲೆ ಹೇಳಿದ ಜೀವನಚಕ್ರವನ್ನು ನೆನೆದರೆ ಅದು ಸಾಲದೆಂಬುದು ಸ್ಪಷ್ಟ. ಬರಿಯ ವೀಕ್ಷಣೆಯಾದರೆ ನಾಲ್ಕರಿಂದ ಆರು ವಾರಗಳು ಬೇಕು. ಚಿಕಿತ್ಸೆಯನ್ನೂ ಕೂಡಿಸುವುದಾದರೆ ಎರಡು ಮಾರ್ಗಗಳು ಮುಖ್ಯವಾದುವು.

ಮೊದಲನೆಯದು ತೊಟ್ಟಿಯಿಂದ ತೊಟ್ಟಿಗೆ ದಾಟಿಸುವ ಕ್ರಮ. ಇದಕ್ಕೆ ಔಷಧವೇ ಬೇಡ. ಬಿಳಿಚುಕ್ಕೆಯ ಜೀವಿಯು ಏಳು ದಿನಗಳೊಳಗೆ ಮೀನನ್ನು ಬಿಡುವುದೆಂದೂ, ಕೆಳಗಿಳಿದ ಮೇಲೆ ಮೂರು ದಿನಗಳಿಗೆ ಮುಂಚೆ ಮರಿಮಾಡದೆಂದೂ ಕಂಡೆವಷ್ಟೆ. ಆದುದರಿಂದ ಮೊದಲನೆಯ ದಿನ ಒಂದು ತೊಟ್ಟಿಗೆ ಬಿಟ್ಟ ಮೀನನ್ನು ೪ನೆಯ, ೭ನೆಯ, ೧೦ನೆಯ ಮತ್ತು ೧೩ನೆಯ ದಿನಗಳ ಬೆಳಗ್ಗೆ, ೭೨ ಗಂಟೆಗಳು ಮೀರದಂತೆ, ಹೊಸ ನೀರಿರುವ ಬೇರೆ ತೊಟ್ಟಿಗೆ ದಾಟಿಸಬೇಕು. ಇಳಿದ ಜೀವಿಗಳು ಹಿಂದೆ ಉಳಿದುಬಿಡುವುವು. ಮರಿಯಾಗುವ ಹೊತ್ತಿಗೆ ಮೀನು ಅಲ್ಲಿರುವುದಿಲ್ಲ. ಎರಡು ತೊಟ್ಟಿಗಳಿದ್ದರೆ ಸಾಕು: ಬಿಟ್ಟ ತೊಟ್ಟಿಯನ್ನೂ ಅದರ ಸಾಮಾನುಗಳನ್ನೂ ಬ್ಲೀಚಿನ ದ್ರಾವಣದಿಂದ ತೊಳೆದು, ಚೆನ್ನಾಗಿ ಜಾಲಿಸಿ, ಪೂರ್ತಿಯಾಗಿ ಒಣಗಿಸಿ ಮುಂದಿನ ಸರದಿಗೆ ಬಳಸಬಹುದು. ಹಣ್ಣಾದ ಸ್ಪಂಜಿಗೆ ಇಲ್ಲಿ ಅವಕಾಶವಿಲ್ಲ. ಮೂರು ದಿನಕ್ಕೊಮ್ಮೆ ನೀರೇ ಹೊಸದಾಗುವುದರಿಂದ ಗಾಳಿಯ ಗುಳ್ಳೆಯೂ ಅಮೋನಿಯಾದ ಪರೀಕ್ಷೆಯೂ ಸಾಕು. ಆದರೆ ಮಖಮಲ್ ರೋಗಕ್ಕೆ ಈ ಕ್ರಮವನ್ನು ನಂಬಲಾಗದು.

ಎರಡನೆಯದು ತಾಮ್ರ. ತಾಮ್ರವು ಮೀನಿನೊಳಗೆ ಹುದುಗಿರುವ ಜೀವಿಯನ್ನಾಗಲಿ ಕೋಶದೊಳಗಿನದನ್ನಾಗಲಿ ಮುಟ್ಟದು. ಈಜುವ ಮರಿಗಳನ್ನು ಮಾತ್ರ ಕೊಲ್ಲುವುದು. ಆದುದರಿಂದ ಅದರ ಪ್ರಮಾಣವು ಒಂದು ದಿನವೂ ತಗ್ಗದೆ ಮೂರು ವಾರಗಳಾದರೂ, ಮಾರ್ಜಿನವಿರಲೆಂದು ಮೂವತ್ತು ದಿನಗಳವರೆಗೂ, ನಿಲ್ಲಬೇಕು. ತಾಮ್ರದ ಸಲ್ಫೇಟಿನಿಂದ ಬರುವ ಬಿಡಿತಾಮ್ರಕ್ಕೆ ಪ್ರಮಾಣವು ಲೀಟರಿಗೆ ೦.೧೫ರಿಂದ ೦.೨೦ ಮಿಲಿಗ್ರಾಂ. ಕಡಮೆಯಾದರೆ ನಿಷ್ಫಲ, ಹೆಚ್ಚಾದರೆ ಮೀನಿಗೇ ವಿಷ. ಇತರ ಸಂಯುಕ್ತರೂಪದ ತಾಮ್ರಗಳ ಪ್ರಮಾಣವು ಬೇರೆಯಾದುದರಿಂದ, ಸೀಸೆಯ ಮೇಲಿನ ವಿಧಿಯನ್ನೇ ಅನುಸರಿಸಬೇಕು. ಕೆಲವು ದಿನಗಳಲ್ಲಿ ಮೆಲ್ಲಗೆ ಏರಿಸಿ ಪ್ರತಿದಿನ ಅಳೆಯಬೇಕು. ತಾಮ್ರವಿರುವ ನೀರಿಗೆ ಅಮೋನಿಯಾನಿವಾರಕದ ದ್ರಾವಣಗಳನ್ನು ಕೂಡಿಸಬಾರದು. ಕೆಲವು ಇಂತಹವು ತಾಮ್ರದ ವಿಷವನ್ನು ಹೆಚ್ಚಿಸುವುವು. ಸೀಗಡಿ, ಶಂಖದ ಹುಳು, ಹವಳ ಇವುಗಳಿಗೆ ತಾಮ್ರವು ಪ್ರಾಣಾಂತಿಕ. ಆದಕಾರಣ ಅವಿರುವ ದೊಡ್ಡ ತೊಟ್ಟಿಯಲ್ಲಿ ಇದನ್ನು ಎಂದಿಗೂ ಹಾಕಕೂಡದು. ಕಾಪಿನ ತೊಟ್ಟಿಯು ಏಕೆ ಬೇಕೆಂಬುದಕ್ಕೆ ಇದೊಂದೇ ಉತ್ತರ ಸಾಕು.

ಚಪ್ಪಟೆಹುಳುಗಳಿಗೆ ಪ್ರಾಜಿಕ್ವಾಂಟೆಲ್ ಎಂಬ ಔಷಧವುಂಟು. ಹುಳುಗಳ ಮೊಟ್ಟೆಗಳು ಅದಕ್ಕೆ ಬಗ್ಗದಿರುವುದರಿಂದ, ಕೆಲವು ದಿನಗಳ ಅಂತರದಲ್ಲಿ ಎರಡನೆಯ ಬಾರಿ ಕೊಡಬೇಕು. ಹುಳುಗಳಿವೆಯೇ ಎಂದು ತಿಳಿಯಲು, ಉಷ್ಣತೆಯೂ ಕ್ಷಾರತೆಯೂ ಸಮನಾದ ಸಿಹಿನೀರಿನಲ್ಲಿ ಮೀನನ್ನು ಐದು ನಿಮಿಷ ಬಿಟ್ಟು ನೋಡಬಹುದು. ಪಾರದರ್ಶಕವಾಗಿದ್ದ ಹುಳುಗಳು ಬೆಳ್ಳಗಾಗಿ ಉದುರುವುವು. ಮೀನು ಸೋತಂತೆ ಕಂಡರೆ ತಕ್ಷಣ ಹಿಂದಕ್ಕೆ ಬಿಡಬೇಕು.

ರೋಗವಿಲ್ಲದಿದ್ದರೂ ಔಷಧ ಕೊಡಬೇಕೇ ಎಂಬಲ್ಲಿ ಅಭಿಪ್ರಾಯಭೇದವಿದೆ. ಕಾಣದ ರೋಗಕ್ಕೆ ಕೊಟ್ಟ ಮದ್ದು ಮೀನನ್ನು ಬಳಲಿಸುವುದೆಂದು ಕೆಲವರು. ಕಂಡ ಮೇಲೆ ಕೊಟ್ಟ ಮದ್ದು ತಡವಾಗುವುದೆಂದು ಕೆಲವರು. ನನ್ನ ಮಟ್ಟಿಗೆ, ನಿರಪಾಯವಾದ ದಾಟಿಸುವ ಕ್ರಮವನ್ನು ಎಲ್ಲ ಮೀನುಗಳಿಗೂ ಅನುಸರಿಸಿ, ಧೂಳಿನ ಅಥವಾ ಉಬ್ಬಸದ ಸಂದೇಹ ಬಂದರೆ ಮಾತ್ರ ತಾಮ್ರಕ್ಕೆ ಹೋಗುತ್ತೇನೆ; ಆ ಬಳಿಕ ನಾಲ್ಕು ವಾರ ಔಷಧವಿಲ್ಲದ ನೀರಿನಲ್ಲಿ ನೋಡುತ್ತೇನೆ.

೭

ಇಷ್ಟೆಲ್ಲ ಮಾಡದೆ ದೊಡ್ಡ ತೊಟ್ಟಿಗೆ ಸೋಂಕು ಬಂದುಬಿಟ್ಟರೆ ಏನು ಗತಿ? ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ ಇಲ್ಲಿಯೂ ಗತಿ. ಇಲಿ ಬಿದ್ದಿತೆಂದರೆ ಜನರು ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ಮಾರಿಯು ಅಡಗಿದ ಮೇಲೆ ಹಿಂದಿರುಗುತ್ತಿದ್ದರು. ಹಾಗೆಯೇ ಎಲ್ಲ ಮೀನುಗಳನ್ನೂ ಹೊರತೆಗೆದು ಕಾಪಿನ ತೊಟ್ಟಿಯಲ್ಲಿ ಚಿಕಿತ್ಸೆ ಮಾಡುತ್ತ, ದೊಡ್ಡ ತೊಟ್ಟಿಯನ್ನು ೭೨ ದಿನಗಳಿಗೆ ಮೇಲೆ ನಾಲ್ಕು ದಿನ ಕೂಡಿಸಿ ೭೬ ದಿನ ಮೀನಿಲ್ಲದೆ ಬಿಡಬೇಕು. ಕಡೆಯ ಕೋಶವೂ ಒಡೆದು, ಮರಿಗಳು ಮೀನನ್ನು ಕಾಣದೆ ಸಾಯುವುವು. ಹೊಸದಾಗಿ ತಂದ ಹವಳದ ತುಂಡಿಗೂ ಶಂಖಕ್ಕೂ ಕೋಶಗಳು ಅಂಟಿಕೊಂಡು ಬರಬಹುದಾದುದರಿಂದ, ಅವಕ್ಕೂ ಮೀನಿಲ್ಲದ ತೊಟ್ಟಿಯಲ್ಲಿ ಇದೇ ಅವಧಿಯು ಸಲ್ಲುವುದು.

ಕಾಪಿನ ತೊಟ್ಟಿಯ ನೀರನ್ನು ಕೆರೆಗಾಗಲಿ ಹೊಳೆಗಾಗಲಿ ಕಡಲಿಗಾಗಲಿ ಚೆಲ್ಲಬಾರದು. ಬೇಡವಾದ ಮೀನನ್ನೂ ಬಿಡಬಾರದು. ನಮ್ಮ ಹಿಂದೂಮಹಾಸಾಗರ ಮತ್ತು ಶಾಂತಸಾಗರಗಳ ಸಿಂಹಮೀನು ೧೯೮೫ರಲ್ಲಿ ಫ್ಲಾರಿಡಾ ತೀರದಲ್ಲಿ ಮೊದಲು ಕಾಣಿಸಿಕೊಂಡು, ಈಗ ಅಟ್ಲಾಂಟಿಕಿನ ಪಶ್ಚಿಮಭಾಗದಲ್ಲೆಲ್ಲ ಹಬ್ಬಿ ಅಲ್ಲಿಯ ಮೀನುಗಳನ್ನು ನುಂಗುತ್ತಲಿದೆ. ಮುರ್ಡೇಶ್ವರಕ್ಕೆ ಎದುರಾಗಿ ಕಡಲಿನಲ್ಲಿರುವ ನೇತ್ರಾಣಿಯ ಹವಳಗಳನ್ನು ನೋಡಿದವರು ಈ ಎಚ್ಚರಿಕೆಯು ನಮಗೂ ಅನ್ವಯಿಸುವುದೆಂಬುದನ್ನು ಒಪ್ಪುವರು.

ತೊಟ್ಟಿಯ ಮೀನುಗಳಲ್ಲಿ ಬಹುಪಾಲು ಮನೆಯಲ್ಲಿ ಹುಟ್ಟಿದುವಲ್ಲ. ಯಾವುದೋ ದಿಬ್ಬದಿಂದ ಹಿಡಿದು ತಂದವು. ಹಿಡಿದವನ ಬಲೆ, ಚೀಲ, ವಿಮಾನ, ಅಂಗಡಿ ಇವೆಲ್ಲವನ್ನೂ ದಾಟಿ ಬದುಕಿ ಬಂದ ಪ್ರಾಣಿಯು ನಮ್ಮ ಆತುರದಿಂದ ಸಾಯುವುದು ಅನ್ಯಾಯ. ನನ್ನ ಉಳಿದ ಕ್ಲೌನ್ ಮೀನು ಈಗಲೂ ಬದುಕಿದೆ. ಅದಕ್ಕೆ ಜೊತೆಯಾಗಿ ತಂದ ಮೀನು ಆರು ವಾರ ಕಾಪಿನ ತೊಟ್ಟಿಯ ಬರಿಯ ಗಾಜಿನ ಮೇಲೆ, ಕೊಳವೆಯ ತುಂಡಿನೊಳಗೆ ವಾಸಮಾಡಿ, ಆಮೇಲೆ ಅದರ ಬಳಿಗೆ ಹೋಯಿತು. ಕಳೆದ ಮಾಘದಲ್ಲಿ ಅವೆರಡೂ ಹಳೆಯ ಕಲ್ಲಿನ ಮೇಲೆಯೇ ತತ್ತಿಯಿಟ್ಟುವು.